ತಂಗಿ ಅಂತ ಬರೆದುಕೊಂಡೆ

ವಾರಕ್ಕೆ ಎರಡು ದಿನ ಹಿರಿಯರ ಆರೈಕೆ ಕೇಂದ್ರವೊಂದರಲ್ಲಿ ಕೈಲಾದ ಕೆಲಸ ಮಾಡಿಕೊಡುತ್ತೇನೆ. ಜಾಸ್ತಿ ಏನಿಲ್ಲ, ಹೊಸದಾಗಿ ಸೇರುವವರ ಫಾರ್ಮ್ ತುಂಬಿಸುವುದು, ಕಳೆದುಹೋದ ಕನ್ನಡಕ ಹುಡುಕಿಕೊಡುವುದು, ಇಂಥವು. ಒಮ್ಮೆ ಇಬ್ಬರು ಹೆಂಗಸರು ಬಂದರು. ಇಬ್ಬರಿಗೂ 70 ದಾಟಿತ್ತು. ಒಬ್ಬರು ಸೇರುವವರು, ಇನ್ನೊಬ್ಬರು ಬಿಟ್ಟುಹೋಗಲು ಬಂದವರು. ಫಾರ್ಮ್‌ನಲ್ಲಿ ಮೂರೇ ಮೂರು ಚೌಕ: ಮದುವೆಯಾಗಿದೆ, ಆಗಿಲ್ಲ, ಗಂಡ ಅಥವಾ ಹೆಂಡತಿ ತೀರಿಕೊಂಡಿದ್ದಾರೆ. ‘ಆಗಿಲ್ಲ’ ಅನ್ನೋದಕ್ಕೆ ಟಿಕ್ ಹಾಕಿದೆ. ಜೊತೆಗೆ ಬಂದವರು ನಿಮಗೆ ಏನಾಗಬೇಕು ಅಂತ ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. "ತಂಗಿ" ಅಂದರು. ಬರೆದುಕೊಂಡೆ.

ಆ ನೋಟ ನನ್ನ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ ಅಷ್ಟೆ. ನಾಲ್ಕು ತಿಂಗಳಾದ ಮೇಲೆ ಅವರ ಕಪಾಟಿನಲ್ಲಿ ಶಾಲು ಹುಡುಕುವಾಗ ಬಟ್ಟೆಗಳ ಅಡಿಯಲ್ಲಿ ಬೋರಲು ಹಾಕಿದ ಫೋಟೋ ಫ್ರೇಮ್ ಸಿಕ್ಕಿತು. "ಅಲ್ಲೇ ಇಡಮ್ಮ, ಅದು ಹಾಗೇ ಇರಲಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು, ನಾವಿಬ್ಬರೂ ಜೊತೆಗಿದ್ದು 38 ವರ್ಷ ಆಯ್ತು ಅಂತ. ಅಷ್ಟು ವರ್ಷದ ಸಂಸಾರವನ್ನು ನಾನು ಎರಡಕ್ಷರದಲ್ಲಿ ತಂಗಿ ಮಾಡಿ ಕೂರಿಸಿದ್ದೆ. (ಇದನ್ನು ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ಹೆಸರು ಬೇಡ, ಮಿಕ್ಕಿದ್ದು ಬರಿ" ಅಂದರು.)

ಈಗ ಕಾಲ ಬದಲಾಗಿದೆಯಲ್ಲ, ಯಾಕೆ ಮುಚ್ಚಿಡಬೇಕು ಅಂತ ಸುಲಭವಾಗಿ ಕೇಳುತ್ತೇವೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಪ್ರೀತಿಯನ್ನು ರೋಗಗಳ ಪಟ್ಟಿಯಿಂದ ತೆಗೆದದ್ದೇ 1990ರಲ್ಲಿ. ಈಗ 75ರ ಆಸುಪಾಸಿನಲ್ಲಿರುವವರಿಗೆ ಆಗ ಹತ್ತಿರ ಹತ್ತಿರ ನಲವತ್ತು. ಅಂದರೆ ಯೌವನವೆಲ್ಲ ‘ಕಾಯಿಲೆ’ಯ ಹಣೆಪಟ್ಟಿಯಲ್ಲೇ ಕಳೆದಿದೆ. ಟ್ರಾನ್ಸ್‌ಜೆಂಡರ್ ಜನರ ವಿಷಯದಲ್ಲಿ ‘ಮಾನಸಿಕ ಕಾಯಿಲೆ’ ಅನ್ನೋ ವಿಭಾಗದಿಂದ ಅವರನ್ನು ಹೊರಗೆ ತರುವ ತೀರ್ಮಾನ ಆಗಿದ್ದು 2019ರಲ್ಲಿ, ಮೊನ್ನೆ ಮೊನ್ನೆ. ಡಾಕ್ಟರು, ನರ್ಸು, ಫಾರ್ಮು ಅಂದರೆ ಇವರು ಹಿಂದೆ ಸರಿಯುವುದರಲ್ಲಿ ಏನು ಆಶ್ಚರ್ಯ?

ಮನೆಯಲ್ಲಾದರೆ ಬಾಗಿಲು ಹಾಕಿಕೊಳ್ಳಬಹುದು. ಇಲ್ಲಿ ಯಾರು ಬೇಕಾದರೂ ತಟ್ಟದೆ ಒಳಗೆ ಬರುತ್ತಾರೆ. ಸ್ನಾನ ಮಾಡಿಸುವವರು, ಡೈಪರ್ ಬದಲಿಸುವವರು, ರಾತ್ರಿ ಎರಡು ಗಂಟೆಗೆ ಬೆಲ್ ಒತ್ತಿದಾಗ ಬರಬೇಕಾದವರು, ಇವರಲ್ಲಿ ಒಬ್ಬರು ಮುಖ ಸಿಂಡರಿಸಿದರೂ ಸಾಕು, ಆ ಹಿರಿಯರು ಮುಂದಿನ ಸಲ ಬೆಲ್ ಒತ್ತುವುದಿಲ್ಲ. ಅದಕ್ಕೇ ನಲವತ್ತು ವರ್ಷ ಧೈರ್ಯವಾಗಿ ಬದುಕಿದವರೂ ಇಲ್ಲಿಗೆ ಬಂದ ಮೇಲೆ ಫೋಟೋ ಬೋರಲು ಹಾಕುತ್ತಾರೆ.

ಟ್ರಾನ್ಸ್ ಹಿರಿಯರಿಗೆ ಮುಚ್ಚಿಡುವ ದಾರಿಯೂ ಇಲ್ಲ, ಮೈ ಒರೆಸುವವರಿಗೆ ಎಲ್ಲ ಗೊತ್ತಾಗುತ್ತದೆ. ಕೈ ನಡುಗುವ ಒಬ್ಬ ಟ್ರಾನ್ಸ್ ಮಹಿಳೆಯನ್ನು, ಅಂದರೆ ಹುಟ್ಟಿದಾಗ ಗಂಡು ಅನ್ನಿಸಿಕೊಂಡು ಹೆಣ್ಣಾಗಿ ಬದುಕುತ್ತಿರುವವರನ್ನು, ಊಹಿಸಿಕೊಳ್ಳಿ. ಬೆಳಿಗ್ಗೆ ಗಡ್ಡ ಮೂಡಿರುತ್ತದೆ, ತಾವೇ ತೆಗೆದುಕೊಳ್ಳಲು ಆಗುವುದಿಲ್ಲ. ಯಾರಾದರೂ ಹತ್ತು ನಿಮಿಷ ಕೂತು ಶೇವ್ ಮಾಡಿಕೊಟ್ಟರೆ ಅವರು ಊಟದ ಹಾಲ್‌ಗೆ ಬರುತ್ತಾರೆ, ಇಲ್ಲದಿದ್ದರೆ ರೂಮಿನಲ್ಲೇ ಉಳಿಯುತ್ತಾರೆ. ಮರೆವಿನ ಕಾಯಿಲೆ ಬಂದರೆ ಇನ್ನೂ ಕಷ್ಟ. ಯಾವ ಹೆಸರಿನಿಂದ ಕರೆಯಬೇಕು, ಯಾವ ಬಟ್ಟೆ ಹಾಕಬೇಕು, ಯಾವ ಮಾತ್ರೆ ನಿಲ್ಲಿಸಬಾರದು ಅನ್ನೋದನ್ನು ನೆನಪು ಗಟ್ಟಿಯಿರುವಾಗಲೇ ಕೇಳಿ ಬರೆದಿಟ್ಟುಕೊಂಡಿರಬೇಕು. ಕಾಯಿಲೆ ಹೆಚ್ಚಾದ ಮೇಲೆ ನೆಂಟರು ಬಂದು ಹಳೇ ಹೆಸರು ಹೇಳಿದರೆ ಸಿಬ್ಬಂದಿ ಅವರ ಮಾತೇ ಕೇಳುತ್ತಾರೆ.

ಇನ್ನು ಎಚ್‌ಐವಿ. 1981ರಲ್ಲಿ ಏಡ್ಸ್ ಮೊದಲು ಪತ್ತೆಯಾದ ಮೇಲೆ, 1996ರ ಹೊತ್ತಿಗೆ ಒಳ್ಳೆಯ ಔಷಧಿಗಳು ಬರುವವರೆಗೆ, ಎಷ್ಟೋ ಗೇ ಗಂಡಸರು ತಮ್ಮ ಸ್ನೇಹಿತರ ಗುಂಪನ್ನೇ ಕಳೆದುಕೊಂಡರು. ಈ ವಯಸ್ಸಿನಲ್ಲಿ ಪಕ್ಕದಲ್ಲಿ ಕೂತು ಹಳೇದು ಮಾತಾಡಬೇಕಿದ್ದವರು ಅವರೇ ತಾನೇ. ಬದುಕುಳಿದವರು ಈಗ ದಿನಾ ಮಾತ್ರೆ ತೆಗೆದುಕೊಂಡು ಚೆನ್ನಾಗಿಯೇ ಇದ್ದಾರೆ. ಅಂಥವರಿಗೆ ಒಂದು ಲೋಟ ನೀರು ಕೊಡಲು ಸಿಬ್ಬಂದಿ ಗ್ಲೌಸ್ ಹಾಕಿಕೊಂಡು ಬಂದರೆ ಹೇಗನಿಸಬೇಡ! ಲೋಟ ಮುಟ್ಟಿದರೆ ಎಚ್‌ಐವಿ ಹರಡುವುದಿಲ್ಲ ಅಂತ ಇನ್ನೂ ತರಬೇತಿಯಲ್ಲಿ ಹೇಳಬೇಕಾಗಿದೆ.

ಸಿಬ್ಬಂದಿಗೆ ಕಲಿಸಿದರೂ ಅಲ್ಲಿರುವ ಇತರ ಹಿರಿಯರು ಸುಮ್ನೆ ಇರುತ್ತಾರಾ? ಅಮೆರಿಕದ ಒಂದು ಕೇಂದ್ರದಲ್ಲಿ ಸಲಿಂಗಿ ಮಹಿಳೆಯೊಬ್ಬರನ್ನು ಉಳಿದವರು ಬೈದು, ಉಗಿದು, ಹೊಡೆದೂ ಇದ್ದರಂತೆ. ದೂರು ಕೊಟ್ಟರೆ ಆಡಳಿತದವರು ದೂರು ಕೊಟ್ಟವರಿಗೇ ತೊಂದರೆ ಕೊಟ್ಟರು ಅನ್ನೋದು ಕೇಸು. 2018ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಗೊತ್ತಿದ್ದೂ ಕೈಕಟ್ಟಿ ಕೂತರೆ ಕೇಂದ್ರವನ್ನೂ ಹೊಣೆ ಮಾಡಬಹುದು ಅಂದಿತು. ‘ಅವರವರ ಜಗಳ, ನಮಗ್ಯಾಕೆ’ ಅನ್ನುವ ಮ್ಯಾನೇಜರ್‌ಗಳಿಗೆ ಇದನ್ನು ಓದಿ ಹೇಳಬೇಕು.

ಸಲಿಂಗಿ, ಟ್ರಾನ್ಸ್ ಹಿರಿಯರಿಗೇ ಬೇರೆ ಮನೆ ಕಟ್ಟಿಬಿಡಿ ಅನ್ನುವವರಿದ್ದಾರೆ. ಬರ್ಲಿನ್‌ನಲ್ಲಿ 2012ರಲ್ಲಿ ಹಾಗೆ ಒಂದು ಮನೆ ಶುರುವಾಯಿತು, ಅಲ್ಲಿ ಬೇರೆ ಬೇರೆ ವಯಸ್ಸಿನವರು ಒಟ್ಟಿಗೆ ಇದ್ದಾರೆ, ಒಳ್ಳೆಯದೇ. ಆದರೆ ಎಲ್ಲರಿಗೂ ಅಂಥ ಮನೆ ಎಲ್ಲಿಂದ ಬರಬೇಕು? ಬಹಳಷ್ಟು ಜನ ಹತ್ತಿರದಲ್ಲಿರುವ ಮಾಮೂಲಿ ಕೇಂದ್ರಕ್ಕೇ ಬರುತ್ತಾರೆ. ನೆದರ್‌ಲೆಂಡ್ಸ್‌ನ ‘ಪಿಂಕ್ ಪಾಸ್‌ಕೀ’ ನನಗೆ ಇಷ್ಟವಾಗುವುದು ಅದಕ್ಕೇ. ಮಾಮೂಲಿ ಕೇಂದ್ರಗಳನ್ನೇ, ಅಲ್ಲಿ ಇಂಥ ಹಿರಿಯರನ್ನು ಸರಿಯಾಗಿ ನೋಡಿಕೊಳ್ಳುತ್ತಾರಾ ಅಂತ ಹೊರಗಿನವರು ಬಂದು ಪರೀಕ್ಷೆ ಮಾಡಿ, ಪಾಸಾದರೆ ಆ ಪ್ರಮಾಣಪತ್ರ ಕೊಡುತ್ತಾರೆ. ಬಾಗಿಲಿಗೆ ಈ ಸಮುದಾಯದ ಗುರುತಾದ ಕಾಮನಬಿಲ್ಲಿನ ಸ್ಟಿಕ್ಕರ್ ಅಂಟಿಸಿ ಒಳಗೆ ಹಳೇ ಫಾರ್ಮನ್ನೇ ಇಟ್ಟುಕೊಂಡರೆ ಅದು ಮೋಸ ಅಂತಲೇ ನಾನು ಹೇಳುತ್ತೇನೆ.

ನಮ್ಮ ಫಾರ್ಮ್ ಬದಲಾಯಿಸಲು ಮೂರು ಮೀಟಿಂಗ್ ಬೇಕಾಯಿತು. ಒಬ್ಬರು "ಇಲ್ಲಿ ಅಂಥವರು ಯಾರೂ ಇಲ್ಲವಲ್ಲ" ಅಂದರು. ನಾನು ಬಾಯಿ ಬಿಡುವ ಹಾಗಿರಲಿಲ್ಲ, ಅದು ನನ್ನ ಗುಟ್ಟಲ್ಲ. ಕೊನೆಗೆ ಚೌಕಗಳ ಜಾಗದಲ್ಲಿ ಒಂದು ಖಾಲಿ ಗೆರೆ ಬಂತು: ‘ನಿಮಗೆ ತುಂಬಾ ಹತ್ತಿರದವರು ಯಾರು? ತುರ್ತು ಸಂದರ್ಭದಲ್ಲಿ ಯಾರನ್ನು ಕರೆಯಬೇಕು?’ ಬರೀ ಹೆಸರಿಗೆ ಕಾನೂನಿನ ಬಲ ಇರುವುದಿಲ್ಲ, ಆದ್ದರಿಂದ ಚಿಕಿತ್ಸೆಯ ತೀರ್ಮಾನ ಯಾರದ್ದು ಅನ್ನೋ ಪತ್ರವನ್ನೂ ಮಾಡಿಸಲು ಹೇಳುತ್ತೇವೆ.

ಹೊಸ ಫಾರ್ಮನ್ನು ಮೊದಲು ತುಂಬಿದವರು ಮೂರು ಗಂಡುಮಕ್ಕಳ ತಾಯಿ. ಪೆನ್ ಹಿಡಿದು ಯೋಚನೆ ಮಾಡಿ, "ಮಕ್ಕಳ ಹೆಸರೇ ಬರೆಯಬೇಕು ಅಂತೇನಿಲ್ವಲ್ಲ?" ಅಂತ ಕೇಳಿದರು. ಇಲ್ಲ ಅಂದೆ. ಪಕ್ಕದ ಮನೆಯವಳ ಹೆಸರು ಬರೆದರು.

ತಂಗಿ ಅಂದವರೂ ಒಂದು ಹೊಸ ಫಾರ್ಮ್ ಇಸಿದುಕೊಂಡಿದ್ದಾರೆ. ಇನ್ನೂ ವಾಪಸ್ ಕೊಟ್ಟಿಲ್ಲ.