ಇನ್ನು ನೀವೇ ಇವರ ತಂದೆ

ಮೊನ್ನೆ ಭಾನುವಾರ ಮಗನನ್ನು ಮೈಸೂರಿನ ಹಾಸ್ಟೆಲೊಂದಕ್ಕೆ ಸೇರಿಸಿ ಬಂದೆವು. ಟ್ರಂಕು, ಹಾಸಿಗೆ, ಬಕೆಟ್ಟುಗಳನ್ನು ಕೋಣೆಗೆ ಸಾಗಿಸಿಯಾದ ಮೇಲೆ ವಾರ್ಡನ್ ಅವನ ಹೆಗಲ ಮೇಲೆ ಕೈಯಿಟ್ಟು, "ಇನ್ನು ನಾವೇ ಇವನಿಗೆ ಅಪ್ಪ ಅಮ್ಮ, ನೀವು ನಿಶ್ಚಿಂತೆಯಿಂದ ಹೊರಡಿ ಅಮ್ಮಾ" ಎಂದರು. ಸಜ್ಜನರು, ಮನಸ್ಸಿನಿಂದಲೇ ಆಡಿದ ಮಾತು. ಆದರೂ ಬಸ್ಸು ಶ್ರೀರಂಗಪಟ್ಟಣ ದಾಟುವಾಗ ಆ ಮಾತು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತು.

1792ರ ಫೆಬ್ರವರಿ 26ರಂದು ಇದೇ ಊರಿನ ಹೊರಗಿನ ಡೇರೆಯಲ್ಲಿ ಟಿಪ್ಪುವಿನ ವಕೀಲ, ಅಂದರೆ ರಾಯಭಾರಿ, ಗುಲಾಮ್ ಅಲಿ, ಇಬ್ಬರು ಹುಡುಗರನ್ನು ಬ್ರಿಟಿಷರ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸನಿಗೆ ಒಪ್ಪಿಸುತ್ತ, ಈ ದಿನ ಬೆಳಗ್ಗೆ ಇವರು ನನ್ನ ಒಡೆಯ ಸುಲ್ತಾನರ ಮಕ್ಕಳಾಗಿದ್ದರು, ಇನ್ನು ತಮ್ಮನ್ನೇ ತಂದೆಯೆಂದು ಕಾಣಬೇಕು ಎಂದಿದ್ದ. ಯುದ್ಧದಲ್ಲಿ ಸೋತ ಟಿಪ್ಪು ಒಪ್ಪಿಕೊಂಡ ಷರತ್ತುಗಳು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಮಕ್ಕಳ ಒತ್ತೆ: ಶಾಲೆಯಲ್ಲಿ ಇಷ್ಟು ವರ್ಷ ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ಬೋರ್ಡು ಒರೆಸುತ್ತಿದ್ದೆನಲ್ಲ ಎಂದು ನನಗೇ ನಾಚಿಕೆಯಾಯಿತು.

ಬಿಳಿ ಮಸ್ಲಿನ್ ನಿಲುವಂಗಿ, ಕೆಂಪು ಪೇಟ, ಕೊರಳಲ್ಲಿ ಮುತ್ತಿನ ಸರ. ಅಬ್ದುಲ್ ಖಾಲಿಕ್, ಮುಯಿಜುದ್ದೀನ್ ಇಬ್ಬರೂ ಇನ್ನೂ ಎಳೆಯರು. ಆನೆಯಿಂದಿಳಿದ ಅವರನ್ನು ಕಾರ್ನ್‌ವಾಲಿಸ್ ಡೇರೆಯ ಬಾಗಿಲಲ್ಲೇ ಅಪ್ಪಿಕೊಂಡು, ಕೈಹಿಡಿದು ಕರೆತಂದು, ತನ್ನ ಎಡಬಲಕ್ಕೆ ಕೂರಿಸಿಕೊಂಡ. ಇಬ್ಬರಿಗೂ ಒಂದೊಂದು ಚಿನ್ನದ ಗಡಿಯಾರ ಕೊಟ್ಟ. ಹಾಸ್ಟೆಲಿನಲ್ಲಿ ಮೊಬೈಲಿಗೆ ಅವಕಾಶವಿಲ್ಲವೆಂದು ನಾವೂ ಮಗನಿಗೆ ಕೈಗಡಿಯಾರ ಕೊಡಿಸಿದ್ದೆವು. ಪಟ್ಟಿ ಸಡಿಲವಾಯಿತೆಂದು ನಮ್ಮ ಯಜಮಾನರು ಮೊಳೆಯಿಂದ ಇನ್ನೊಂದು ತೂತು ಮಾಡಿಕೊಟ್ಟಿದ್ದರು.

ಆ ಅಪ್ಪುಗೆ ಬರಿಯ ತೋರಿಕೆಯೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಚಿಕ್ಕಪ್ಪ ಕ್ಯಾಂಟರ್ಬರಿಯ ಆರ್ಚ್‌ಬಿಷಪ್, ತಮ್ಮ ನೌಕಾಪಡೆಯ ಅಡ್ಮಿರಲ್ ಆಗಿದ್ದಂಥ ದೊಡ್ಡ ಮನೆತನದವನಾದರೂ ಕಾರ್ನ್‌ವಾಲಿಸ್ 1768ರಲ್ಲಿ ಕೈಹಿಡಿದದ್ದು ಸೈನ್ಯಾಧಿಕಾರಿಯೊಬ್ಬನ ಮಗಳು ಜೆಮೈಮಾಳನ್ನು. ಅವನು ಅಮೆರಿಕದ ಯುದ್ಧಕ್ಕೆ ಹೊರಡುವುದು ಅವಳಿಗೆ ಬೇಡವಾಗಿತ್ತು. ಅವಳ ಕಾಯಿಲೆ ಬಿಗಡಾಯಿಸಿದಾಗ ಸೈನ್ಯವನ್ನು ಬಿಟ್ಟು ಓಡಿಬಂದ. 1779ರ ಫೆಬ್ರವರಿಯಲ್ಲಿ ಅವಳು ತೀರಿಕೊಂಡಳು. ತನ್ನನ್ನು ಕೊಂದದ್ದು ಅಗಲಿಕೆಯ ಕೊರಗೇ ಎಂದು ನಂಬಿದ್ದ ಅವಳು, ಸಮಾಧಿಯ ಮೇಲೆ ಎದೆಯ ನೇರಕ್ಕೆ ಒಂದು ಮುಳ್ಳಿನ ಗಿಡ ನೆಡಿ ಎಂದು ಕೇಳಿಕೊಂಡಿದ್ದಳಂತೆ. ಅವನು ಮತ್ತೆ ಮದುವೆಯಾಗಲಿಲ್ಲ.

ಉಳಿದವರು ಮಗಳು ಮೇರಿ, ಮಗ ಬ್ರೋಮ್. 1786ರಲ್ಲಿ ಗವರ್ನರ್ ಜನರಲ್ ಆಗಿ ಇತ್ತ ಹೊರಟಾಗ, ತಾಯಿಯಿಲ್ಲದ ಆ ಹುಡುಗನಿಗೆ ಹನ್ನೊಂದು ವರ್ಷ. ಈಟನ್ ಶಾಲೆಯಲ್ಲಿ ಓದುತ್ತಿದ್ದ. ಹಡಗಿನ ಅಂಚೆ ತಲುಪಲು ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕಾಲದಲ್ಲಿ ಅಪ್ಪ ಇಲ್ಲಿಂದ ಅವನಿಗೆ ಕಾಗದ ಬರೆಯುತ್ತಿದ್ದ. ಮಕ್ಕಳನ್ನು ಅಗಲಿರುವುದು ಏನೆಂದು ಅಷ್ಟು ಚೆನ್ನಾಗಿ ಬಲ್ಲವನೇ ಇನ್ನೊಬ್ಬನ ಮಕ್ಕಳನ್ನು ಹಣಕ್ಕೆ ಭದ್ರತೆಯಾಗಿ ಪಡೆದನಲ್ಲ ಎಂಬುದನ್ನು ನಾನು ಕ್ಷಮಿಸಲಾರೆ. ಅವನು ಕಲ್ಲೆದೆಯವನಾಗಿದ್ದರೆ ನನ್ನ ಸಿಟ್ಟು ಇಷ್ಟಿರುತ್ತಿರಲಿಲ್ಲ. ಒಪ್ಪಿಸಿದ ಟಿಪ್ಪುವಿಗೆ ಬೇರೆ ದಾರಿಯಿರಲಿಲ್ಲ ಎನ್ನುತ್ತಾರೆ, ಇರಬಹುದು. ಆದರೆ ಆ ಹುಡುಗರ ತಾಯಂದಿರ ಹೆಸರನ್ನು ನಾನು ಪಾಠದಲ್ಲಿ ಒಮ್ಮೆಯೂ ಹೇಳಿಲ್ಲ.

ವಾರ್ಡನ್ ಮಾತಿಗೆ ನಾನು "ಆಯಿತು ಸರ್" ಎಂದಷ್ಟೇ ಹೇಳಿ ಬಂದಿದ್ದೆ. ಮಗ ಗಡಿಯಾರ ನೋಡಿಕೊಳ್ಳುತ್ತ ನಿಂತಿದ್ದ.

ಕಾರ್ನ್‌ವಾಲಿಸ್ ಇಂಗ್ಲೆಂಡಿಗೆ ಮರಳಿದ್ದು 1794ರ ಆರಂಭದಲ್ಲಿ. ಹನ್ನೊಂದರ ಬ್ರೋಮ್ ಆಗ ಹತ್ತೊಂಬತ್ತರ ಯುವಕ. ಅದೇ ವರ್ಷ ಆ ಇಬ್ಬರು ಹುಡುಗರೂ ಒತ್ತೆಯಲ್ಲಿದ್ದ ಮದರಾಸಿನಿಂದ ಹೊರಟು ತಂದೆಯನ್ನು ಸೇರಿಕೊಂಡರು.