ಹಿಂಬಾರ

ಅಪ್ಪ ಟ್ರೈಲರನ್ನು ಒಂದು ಸುತ್ತು ಹಾಕಿ ಬಂದು, "ಹಿಂಬಾರ ಆಗೈತೆ ಕಣ್ಲಾ" ಎಂದರು. ಕೇಳಿಸಿತು, ಆದರೆ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. "ಇದು ಎತ್ತಿನ ಗಾಡಿ ಅಲ್ಲಪ್ಪ" ಎಂದು ನಕ್ಕು, ಮೂರನೇ ಸೈಕಲ್ಲನ್ನೂ ಹಿಂದಿನ ಬಂಪರ್ ಮೇಲಿನ ಸ್ಟ್ಯಾಂಡಿಗೆ ಬಿಗಿದೆ.

2022ರ ಆಗಸ್ಟ್. ಅಮೆರಿಕದ ಡೆನ್ವರ್‌ನಲ್ಲಿ ನಮ್ಮ ಮನೆ ಮುಂದೆ ಬೆಳಗಿನ ಏಳು ಗಂಟೆ. ಅಪ್ಪ ಮಂಡ್ಯ ಕಡೆಯ ಹಳ್ಳಿಯಿಂದ ಬಂದು ಎರಡು ತಿಂಗಳಾಗಿತ್ತು. ಮನೆಯೊಳಗೆ ಕೂತು ಕೂತು ಬೇಜಾರಾಗಿದ್ದರು. ಡಿಲ್ಲನ್ ಕೆರೆಯ ಹತ್ತಿರ ಮೂರು ರಾತ್ರಿ ಕ್ಯಾಂಪಿಂಗ್ ಎಂದು ಹೊರಟಿದ್ದೆವು. ಒಳಗೆ ಮಂಚ, ಅಡುಗೆ ಕಪಾಟು ಎಲ್ಲಾ ಇರುವ, ಗಾಡಿಯ ಹಿಂದೆ ಕಟ್ಟಿ ಎಳೆಯುವ ಹಳೇ ಟ್ರೈಲರ್ ಒಂದನ್ನು ಕೊಂಡು ಆಗಿನ್ನೂ ಒಂದೂವರೆ ತಿಂಗಳು. ಊರೊಳಗೆ ಎರಡು ಸಲ ಎಳೆದಿದ್ದೆ, ಬೆಟ್ಟ ಹತ್ತಿಸಿರಲಿಲ್ಲ.

ನನ್ನದು ಹಾಫ್ ಟನ್ ಪಿಕಪ್, ಹಿಂದೆ ತೆರೆದ ತೊಟ್ಟಿ ಇರುವ ಗಾಡಿ. ಹಾಫ್ ಟನ್ ಅನ್ನುವುದು ಬರೀ ವರ್ಗದ ಹೆಸರು. ಮಾರಿದವನು "9,500 ಪೌಂಡ್ ಎಳೆಯುತ್ತೆ, ಯೋಚನೆನೇ ಬೇಡ" ಎಂದಿದ್ದ. ಅಂದರೆ 4,300 ಕೇಜಿ. ನನ್ನ ಟ್ರೈಲರ್ ಸಾಮಾನು ತುಂಬಿದರೂ 6,400 ಪೌಂಡ್ ಆಸುಪಾಸು. ಇನ್ನೂ 3,000 ಪೌಂಡ್ ಮಿಕ್ಕಿದೆಯಲ್ಲ ಅಂತ ನಾನು ಲೆಕ್ಕವನ್ನು ಅಲ್ಲಿಗೇ ಮುಗಿಸಿದ್ದೆ. ಎಷ್ಟು ಎಳೆಯಬಹುದು ಅನ್ನುವುದು ಒಂದು ಲೆಕ್ಕ, ಬೆನ್ನ ಮೇಲೆ ಎಷ್ಟು ಹೊರಬಹುದು ಅನ್ನುವುದು ಬೇರೆ ಲೆಕ್ಕ. ಈ ಎರಡನೇ ಲೆಕ್ಕ ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲೇ ಇರುತ್ತದೆ. ದಿನಾ ಆ ಬಾಗಿಲು ತೆರೆಯುತ್ತಿದ್ದೆ, ಚೀಟಿ ಓದಿರಲಿಲ್ಲ.

ಹಗ್ಗ, ಕೊಕ್ಕೆಯ ಕೆಲಸ ಮಾತ್ರ ಸರಿಯಾಗಿಯೇ ಮಾಡಿದ್ದೆ. ಪಿಕಪ್ ಹಿಂದಿನ ಕಬ್ಬಿಣದ ಗುಂಡಿನ ಮೇಲೆ ಟ್ರೈಲರ್‌ನ ಕೊಕ್ಕೆ ಕೂತ ಮೇಲೆ ಜಾಕ್ ಎತ್ತಿ ನೋಡಿದ್ದೆ, ಪಿಕಪ್‌ನ ಹಿಂಭಾಗವೂ ಜೊತೆಗೆ ಎದ್ದಿತ್ತು, ಅಂದರೆ ಬೀಗ ಬಿದ್ದಿದೆ. ಎರಡು ಸರಪಳಿ ಕೆಳಗೆ ಅಡ್ಡಡ್ಡ ದಾಟಿಸಿ ಹಾಕಿದ್ದೆ. ಕೊಕ್ಕೆ ಕಳಚಿದರೂ ಮೂತಿ ರಸ್ತೆಗೆ ಬೀಳದೆ ಆ ಸರಪಳಿಗಳ ತೊಟ್ಟಿಲಲ್ಲಿ ಕೂರಬೇಕು. ಲೈಟು, ಇಂಡಿಕೇಟರ್ ಎಲ್ಲ ಮಗಳು ಹಿಂದೆ ನಿಂತು "ಬಂತು, ಬಂತು" ಅಂತ ಹೇಳಿದ್ದಳು.

ಐ-70 ಹೆದ್ದಾರಿ ಡೆನ್ವರ್‌ನಿಂದ ಪಶ್ಚಿಮಕ್ಕೆ ಹೊರಟಿತೆಂದರೆ ಏರಲು ಶುರು. ಹತ್ತುವಾಗ ಏನೂ ಗೊತ್ತಾಗಲಿಲ್ಲ. ಹತ್ತುವಾಗ ಟ್ರೈಲರ್ ಹಿಂದಕ್ಕೆ ಜಗ್ಗುತ್ತಲೇ ಇರುತ್ತದೆ, ಹಗ್ಗ ಬಿಗಿಯಾಗಿದ್ದ ಹಾಗೆ. ಫ್ಲಾಯ್ಡ್ ಹಿಲ್ ಅನ್ನುವ ಗುಡ್ಡದ ನೆತ್ತಿ ದಾಟಿ ಕ್ಲಿಯರ್ ಕ್ರೀಕ್ ಕಣಿವೆಗೆ ಇಳಿಯುವಾಗ ಆ ಬಿಗಿ ಸಡಿಲವಾಯಿತು. ವೇಗ 60 ಮೈಲಿ ದಾಟಿತ್ತು. ಎಡಗಡೆಯಿಂದ ಒಂದು ದೊಡ್ಡ ಟ್ರಕ್ ಬಂತು.

ಟ್ರಕ್ಕಿನ ಮೂತಿ ನಮ್ಮ ಟ್ರೈಲರ್‌ನ ಬಾಲಕ್ಕೆ ಬಂದಾಗ ಗಾಳಿ ನಮ್ಮನ್ನು ಬಲಕ್ಕೆ ನೂಕಿತು. ಅದು ಮುಂದೆ ಹೋದ ಹಾಗೆ ಅದೇ ಗಾಳಿ ಒಳಕ್ಕೆ ಎಳೆಯಿತು. ನಾನು ಸ್ಟೀರಿಂಗ್ ಸ್ವಲ್ಪ ತಿರುಗಿಸಿದೆ. ಟ್ರೈಲರ್ ಬಾಲ ಅಲ್ಲಾಡಿಸಿತು. ಕನ್ನಡಿಯಲ್ಲಿ ಅದರ ಬಿಳಿ ಪಕ್ಕೆ ಒಮ್ಮೆ ಕಾಣಿಸಿತು, ಮರೆಯಾಯಿತು, ಆಮೇಲೆ ಆ ಕಡೆ ಕನ್ನಡಿಯಲ್ಲಿ ಕಾಣಿಸಿತು. ಮಲಗಿದವರ ಮಂಚವನ್ನು ಯಾರೋ ಕಾಲು ಹಿಡಿದು ಅಲ್ಲಾಡಿಸುತ್ತಿದ್ದಾರೆ ಅನ್ನಿಸಿತು. ಕಾಲು ತನ್ನಷ್ಟಕ್ಕೆ ಬ್ರೇಕಿಗೆ ಹೋಯಿತು. ಅದೇ ತಪ್ಪು. ಮುಂದಿನ ಗಾಡಿ ನಿಧಾನವಾದರೆ ಹಿಂದಿನದು ಅದನ್ನು ತಳ್ಳುತ್ತದೆ, ತೂಗಾಟ ಇನ್ನೂ ಜೋರಾಗುತ್ತದೆ. ಮೂರನೇ ತೂಗಿಗೆ ಪಿಕಪ್‌ನ ಹಿಂದಿನ ಚಕ್ರಗಳೇ ಜಾರಿದ ಹಾಗಾಯಿತು. ಹೆಂಡತಿ "ರೀ" ಅಂದಳು, ಅಷ್ಟೇ.

ಡ್ಯಾಶ್‌ಬೋರ್ಡಿನಲ್ಲಿ ಟ್ರೈಲರ್ ಬ್ರೇಕಿಗೆಂದೇ ಒಂದು ಚಿಕ್ಕ ಪಟ್ಟಿ ಇರುತ್ತದೆ. ಬೆರಳಲ್ಲಿ ಒತ್ತಿದರೆ ಟ್ರೈಲರ್ ಚಕ್ರಗಳು ಮಾತ್ರ ಬ್ರೇಕ್ ಹಿಡಿಯುತ್ತವೆ. ಒಂದು ಭಾನುವಾರ ಖಾಲಿ ಪಾರ್ಕಿಂಗ್ ಜಾಗದಲ್ಲಿ ಅದನ್ನು ನಾಲ್ಕು ಸಲ ಒತ್ತಿ ನೋಡಿದ್ದೆ. ಆ ನಾಲ್ಕು ಸಲ ಇಲ್ಲದಿದ್ದರೆ ಕೈ ಅಲ್ಲಿಗೆ ಹೋಗುತ್ತಿರಲಿಲ್ಲ. ಕಾಲನ್ನು ಎರಡೂ ಪೆಡಲಿನಿಂದ ತೆಗೆದೆ, ಸ್ಟೀರಿಂಗ್ ನೆಟ್ಟಗೆ ಹಿಡಿದೆ, ಪಟ್ಟಿ ಒತ್ತಿದೆ. ಬಾಲ ಹಿಡಿದು ಹಿಂದಕ್ಕೆ ಎಳೆದ ಹಾಗೆ ಟ್ರೈಲರ್ ನೆಟ್ಟಗಾಯಿತು. ಎಲ್ಲಾ ಸೇರಿ ಏಳೆಂಟು ಸೆಕೆಂಡ್ ಇರಬಹುದು.

ಐಡಾಹೋ ಸ್ಪ್ರಿಂಗ್ಸ್‌ನಲ್ಲಿ ಇಳಿದು ನಿಲ್ಲಿಸಿದೆ. ಅಪ್ಪ "ನಾ ಹೇಳ್ಲಿಲ್ವಾ" ಅಂತ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು. ಬಾಟಲಿಯಲ್ಲಿ ನೀರು ಕುಡಿದು, ಹಿಂದೆ ಹೋಗಿ ಸೈಕಲ್‌ಗಳ ಬೆಲ್ಟ್ ಬಿಚ್ಚತೊಡಗಿದರು.

ಹಿಂಬಾರ ಅಂದರೆ ಏನು ಅಂತ ನಮ್ಮ ಹಳ್ಳಿಯಲ್ಲಿ ಐದನೇ ಕ್ಲಾಸಿನ ಹುಡುಗನಿಗೂ ಗೊತ್ತಿತ್ತು. ಗಾಡಿಯ ಹಿಂದೆ ಜಾಸ್ತಿ ಹೇರಿದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಹೆಗಲು ಬಿಟ್ಟು ಕೊರಳ ಹಗ್ಗ ಉಸಿರು ಕಟ್ಟಿಸುತ್ತದೆ. ಮುಂದೆ ಜಾಸ್ತಿಯಾದರೆ ಮುಂಬಾರ, ಹೆಗಲು ಕಿತ್ತುಹೋಗುತ್ತದೆ. ಹೇರು ಸರಿಯಾಗಿದ್ದರೆ ನೊಗ ಎತ್ತಿನ ಹೆಗಲ ಮೇಲೆ ಹಗುರವಾಗಿ ಕೂರಬೇಕು. ಏರಿನಲ್ಲಿ ಗಾಡಿ ಹೊಡೆಯುವವನು ಮುಂದಕ್ಕೆ ಸರಿದು ಮೂಕಿ ಮೇಲೆ ಕೂರುತ್ತಿದ್ದ, ಇಳಿಜಾರಿನಲ್ಲಿ ಹಿಂದಕ್ಕೆ. ನಾನೂ ಹಾಗೆ ಕೂತವನೇ.

ಟ್ರೈಲರಿನ ಲೆಕ್ಕವೂ ಅದೇ. ಅದರ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಕೊಕ್ಕೆಯ ಮೇಲೆ ಬೀಳಬೇಕು. ಕಮ್ಮಿಯಾದರೆ ಬಾಲ ಅಲ್ಲಾಡುತ್ತದೆ, ಜಾಸ್ತಿಯಾದರೆ ಪಿಕಪ್‌ನ ಹಿಂಭಾಗ ಕುಸಿದು ಮುಂದಿನ ಚಕ್ರಕ್ಕೆ ಹಿಡಿತ ತಪ್ಪುತ್ತದೆ. ನಾನು ಮಾಡಿದ್ದು ಇಷ್ಟು: 40 ಗ್ಯಾಲನ್ ನೀರು ಮನೆಯಲ್ಲೇ ತುಂಬಿಸಿದ್ದೆ. ಅದೇ 330 ಪೌಂಡ್. ನನ್ನ ಟ್ರೈಲರ್‌ನಲ್ಲಿ ನೀರಿನ ಟ್ಯಾಂಕ್ ಇರುವುದು ಅಚ್ಚಿನ ಹಿಂದೆ. ಅದರ ಮೇಲೆ ಬಂಪರಿನ ತುದಿಗೆ ಮೂರು ಸೈಕಲ್ಲು, ಸ್ಟ್ಯಾಂಡು. ಅಚ್ಚಿನಿಂದ ದೂರ ಹೋದಷ್ಟೂ ತೂಕಕ್ಕೆ ಬಲ ಜಾಸ್ತಿ, ಏತದ ಮರದ ಹಾಗೆ. ಆಮೇಲೆ ಕಾಗದದಲ್ಲಿ ಲೆಕ್ಕ ಹಾಕಿದಾಗ ಕೊಕ್ಕೆಯ ಮೇಲಿಂದ 200 ಪೌಂಡಿಗೂ ಹೆಚ್ಚು ಭಾರ ನಾನೇ ಎತ್ತಿ ತೆಗೆದಿದ್ದೆ ಅಂತ ಗೊತ್ತಾಯಿತು.

ನೀರಿನ ನಲ್ಲಿ ಬಿಟ್ಟೆವು. ಸೈಕಲ್‌ಗಳನ್ನು ಒಳಗೆ ಅಚ್ಚಿನ ಮೇಲೆ ಮಲಗಿಸಿದೆವು. ಹಿಂದಿನ ಅಡುಗೆ ಕಪಾಟಿನಲ್ಲಿದ್ದ ಅಕ್ಕಿ, ರಾಗಿಹಿಟ್ಟು, ಕುಕ್ಕರ್ ಎಲ್ಲಾ ಮುಂದಿನ ಮಂಚದ ಕೆಳಗೆ ಹೋಯಿತು. ಅಪ್ಪ ಮುಂಗೈಯ ಹಿಂಭಾಗದಿಂದ ಒಂದೊಂದೇ ಚಕ್ರದ ಗುಂಬ ಮುಟ್ಟಿ ನೋಡಿದರು. ನಾಲ್ಕೂ ಒಂದೇ ಬಿಸಿ. ಒಂದು ಮಾತ್ರ ಸುಡುತ್ತಿದ್ದರೆ ಬೇರಿಂಗೋ ಬ್ರೇಕೋ ಕೆಟ್ಟಿದೆ ಅಂತ ಅರ್ಥ.

ಐಸೆನ್‌ಹೋವರ್ ಸುರಂಗ 11,000 ಅಡಿಗಿಂತ ಮೇಲಿದೆ. ಮೊದಲ ಕೊಳವೆ 1973ರಲ್ಲಿ, ಪಕ್ಕದ್ದು 1979ರಲ್ಲಿ ತೆರೆದದ್ದು. ಅಪ್ಪನಿಗೆ ಅಲ್ಲಿ ತಲೆ ಭಾರವಾಗಿ, ಮಗಳು ಅವರಿಗೆ ನೀರು ಕುಡಿಸುತ್ತಲೇ ಇದ್ದಳು. ಸುರಂಗದಿಂದ ಆಚೆ ಬಂದ ಕೂಡಲೇ ಸಿಲ್ವರ್‌ಥಾರ್ನ್‌ವರೆಗೆ ಇಳಿಜಾರು, ಹೆಚ್ಚುಕಡಿಮೆ 7 ಪರ್ಸೆಂಟ್. ಬ್ರೇಕ್ ಹೋದ ಟ್ರಕ್‌ಗಳು ನುಗ್ಗಲಿ ಅಂತ ರಸ್ತೆ ಪಕ್ಕ ಜಲ್ಲಿ ತುಂಬಿದ ಏರುದಾರಿ ಮಾಡಿಟ್ಟಿದ್ದಾರೆ. ಅದನ್ನು ನೋಡಿದರೇ ಸಾಕು, ಕೈ ಬೆವರುತ್ತದೆ.

ಇಲ್ಲಿ ನನಗೆ ನೆನಪಾದದ್ದು ಶಿರಾಡಿ ಘಾಟಿ. ಹತ್ತಿದ ಗೇರಿನಲ್ಲೇ ಇಳಿ ಅಂತ ಲಾರಿಯವರು ಹೇಳುವ ಮಾತು. ಸುರಂಗದ ಒಳಗೇ ವೇಗ ಇಳಿಸಿ, ಭಾರ ಎಳೆಯುವಾಗ ಬಳಸುವ ಟೋ ಹಾಲ್ ಗುಂಡಿ ಒತ್ತಿ, ಗೇರನ್ನು ಮೂರಕ್ಕೆ ತಂದೆ. ಇಂಜಿನ್ ಮಿಕ್ಸಿ ಥರ ಕಿರುಚಿತು. ಕಿರುಚಲಿ. ಸುಮ್ನೆ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅದು ಕಾದು ಹಿಡಿಯುವುದನ್ನೇ ಬಿಡುತ್ತದೆ. ವೇಗ 50 ಮೈಲಿ ಮುಟ್ಟಿದಾಗ ಗಟ್ಟಿಯಾಗಿ ಒಮ್ಮೆ ಒತ್ತಿ 40ಕ್ಕೆ ತರುವುದು, ಬಿಟ್ಟುಬಿಡುವುದು, ಆರಲು ಬಿಡುವುದು. ಹಿಂದೆ ಬಂದವರು ಹಾರ್ನ್ ಹೊಡೆದು ಮುಂದೆ ಹೋದರು. ಬಲಗಡೆಯ ಲೇನಿನಲ್ಲಿ ಟ್ರಕ್ಕುಗಳ ಸಾಲಿನ ಹಿಂದೆ ನಾನೂ ಒಂದು ಟ್ರಕ್ಕಿನ ಹಾಗೆ ಹೋದೆ. ಕೆಳಗೆ ಬಂದಾಗ ಸುಟ್ಟ ವಾಸನೆ ಬಂತು, ನಮ್ಮದಲ್ಲ.

ವಾಪಸ್ ಬರುವಾಗ ಡೆನ್ವರ್ ಹೊರಗಿನ ಒಂದು ಟ್ರಕ್ ಸ್ಟಾಪಿನ ತೂಕದ ಕಟ್ಟೆಗೆ ಗಾಡಿ ಹತ್ತಿಸಿದೆ. ಒಂದು ಸಲ ಟ್ರೈಲರ್ ಸಮೇತ, ಒಂದು ಸಲ ಬಿಚ್ಚಿ ಬರೀ ಪಿಕಪ್. ನೀರಿಲ್ಲದ ಟ್ರೈಲರ್ 6,080 ಪೌಂಡ್, ಕೊಕ್ಕೆಯ ಮೇಲೆ 770. ನೂರಕ್ಕೆ ಹನ್ನೆರಡೂ ಮುಕ್ಕಾಲು ಹತ್ತಿರ. ಖುಷಿಯಾಯಿತು. ಆಮೇಲೆ ಬಾಗಿಲ ಕಂಬದ ಚೀಟಿ ಓದಿದೆ: ಜನ, ಸಾಮಾನು ಎಲ್ಲಾ ಸೇರಿ 1,540 ಪೌಂಡ್ ಮೀರಬಾರದು. ಕೊಕ್ಕೆಯ ಭಾರವೂ ಈ ಲೆಕ್ಕಕ್ಕೇ ಸೇರುತ್ತದೆ. 770ಕ್ಕೆ ನಾವು ನಾಲ್ಕು ಜನ 540, ಕೊಕ್ಕೆಯ ಕಬ್ಬಿಣ 90, ಹಿಂದಿನ ತೊಟ್ಟಿಯಲ್ಲಿ ಜನರೇಟರ್, ಐಸ್ ಪೆಟ್ಟಿಗೆ, ಮಿಕ್ಕ ಸೌದೆ 200. ಒಟ್ಟು 1,600. ಎಳೆಯುವುದರಲ್ಲಿ 3,000ಕ್ಕೂ ಜಾಸ್ತಿ ಮಿಕ್ಕಿದ್ದ ಗಾಡಿ ಹೊರುವುದರಲ್ಲಿ 60 ಪೌಂಡ್ ಮೀರಿ ನಿಂತಿತ್ತು.

ಅಪ್ಪ ತೂಕದ ಕಟ್ಟೆಯವರು ಕೊಟ್ಟ ಚೀಟಿ ಇಸಕೊಂಡು ಕನ್ನಡಕ ಹಾಕಿ ಓದಿದರು. ವರ್ಷಾನುಗಟ್ಟಲೆ ಕಬ್ಬಿನ ಗಾಡಿ ತೂಗಿಸಿದವರು.

"ಇವ್ರು ತೂಕದಲ್ಲಿ ಹೊಡೆಯಲ್ವಾ?"

"ಇಲ್ಲಪ್ಪ. ಇವ್ರ ತೂಕ ತಪ್ಪಾಗಿ ದಂಡ ಬಿದ್ರೆ ಅವ್ರೇ ಕಟ್ಕೊಡ್ತಾರಂತೆ."

ಸ್ವಲ್ಪ ಹೊತ್ತು ಯೋಚಿಸಿದರು. "ಹಂಗಾರೆ ಸೌದೆ ಇಳ್ಸು. ಇಲ್ಲಾ ನನ್ನ ಇಳ್ಸು."

ಸೌದೆಯನ್ನು ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬ ಟ್ರೈಲರಿನವನಿಗೆ ಕೊಟ್ಟೆವು. ಅವನ ಹಿಂದಿನ ಬಂಪರ್ ಮೇಲೆ ನಾಲ್ಕು ಸೈಕಲ್ ಇದ್ದವು. ಅಪ್ಪ ಅವನ್ನು ನೋಡಿದರು, ನನ್ನ ಮುಖ ನೋಡಿದರು. "ನೀನೇ ಹೇಳು, ನಂಗೆ ಇಂಗ್ಲಿಷ್ ಬರಕಿಲ್ಲ" ಎಂದು ಗಾಡಿ ಹತ್ತಿ ಕೂತರು.