ಭಾವನ ಹಡಗಿಗೆ ಎರಡು ರಾತ್ರಿ ಮುಂಚೆ

ಅಕ್ಟೋಬರ್ 26, 2025, ಭಾನುವಾರ

ಕುಂದಾಪುರದಿಂದ ಅಕ್ಕನ ಫೋನ್. ಭಾವ ಕೊನೆಗೂ ಕ್ರೂಸ್ ಬುಕ್ ಮಾಡಿದ್ದಾರೆ. ಡಿಸೆಂಬರ್ 7, ಭಾನುವಾರ ಮುಂಬೈಯಿಂದ ಹೊರಟು ಗೋವಾ, ಲಕ್ಷದ್ವೀಪ ಸುತ್ತಿ ಬರುವ ಹಡಗು. ಮಾಸ್ತರಿಕೆ ಬಿಟ್ಟು ಎಂಟು ವರ್ಷದಿಂದ ಇದೇ ಜಪ. ಅವರ ಅಜ್ಜ ಮುಂಬೈ ಹೋಟೆಲಿನಲ್ಲಿ ಲೋಟ ತೊಳೆಯಲು ಬಂದದ್ದು ಸ್ಟೀಮರಿನಲ್ಲಿ. ಕೊಂಕಣ ರೈಲು ಪೂರ್ತಿ ಓಡಿದ್ದೇ 1998ರಲ್ಲಿ ಅಲ್ವಾ, ಆಗೆಲ್ಲ ಕರಾವಳಿಯವರಿಗೆ ಸಮುದ್ರವೇ ದಾರಿ. "ಅಜ್ಜ ಡೆಕ್ಕಿನ ಮೇಲೆ ಮಲಗಿ ಬಂದರಂತೆ. ನಾನು ಬಾಲ್ಕನಿ ಇರುವ ರೂಮಿನಲ್ಲಿ ಮಲಗಿ ಹೋಗುತ್ತೇನೆ" ಅಂದರು ಭಾವ.

ರೈಲು ಟಿಕೆಟ್ ಎಂದಿಗೆ ಅಂತ ಕೇಳಿದೆ. ಆರನೇ ತಾರೀಕಿನ ಮತ್ಸ್ಯಗಂಧ. ಅಂದರೆ ಏಳಕ್ಕೆ ಬೆಳಿಗ್ಗೆ ಆರೂವರೆ ಸುಮಾರಿಗೆ ಕುರ್ಲಾ. ಹಡಗು ಹತ್ತಲು ಕೊಟ್ಟ ಸಮಯ ಮಧ್ಯಾಹ್ನ ಒಂದು ಗಂಟೆ.

"ಆರು ಗಂಟೆ ಸಿಗುತ್ತಲ್ಲ, ಇನ್ನೆಷ್ಟು ಬೇಕು?"

ಭಾವನಿಗೆ ಎದುರು ಮಾತಾಡಿ ನನಗೆ ಅಭ್ಯಾಸವಿಲ್ಲ. ಆದರೂ ಹೇಳಿದೆ. ರೈಲು ತಡವಾದರೆ ಹಡಗು ಕಾಯುವುದಿಲ್ಲ ಭಾವ, ಅದರ ಹಿಂದೆ ಇನ್ನೊಂದು ಹಡಗೂ ಇಲ್ಲ. ಎರಡು ದಿನ ಮುಂಚೆ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಬನ್ನಿ, ಊರೂ ನೋಡಿದ ಹಾಗಾಗುತ್ತದೆ. ಒಪ್ಪಿದರು. ಹಳೇ ಟಿಕೆಟ್ ರದ್ದು ಮಾಡಿ ನಾಲ್ಕನೇ ತಾರೀಕಿಗೆ ಹೊಸದು ತೆಗೆದೆವು. ವೇಟಿಂಗ್ ಲಿಸ್ಟ್ 12. ಕೂಡಲೇ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ಹೆಂಡತಿ ನೋಡಿ ನಕ್ಕಳು.

ನವೆಂಬರ್ 2, ಭಾನುವಾರ

ನಿನ್ನೆ ರಾಜ್ಯೋತ್ಸವದ ಕುರ್ಚಿ ಜೋಡಿಸಿ ಸೊಂಟ ಹೋಗಿದೆ. ಕೂತು ಮಾಡುವ ಕೆಲಸ ಇವತ್ತು.

ಅಕ್ಕ ವಾಟ್ಸ್ಯಾಪಿನಲ್ಲಿ ಪಟ್ಟಿ ಕಳಿಸಿದ್ದಾಳೆ. 14 ಜಾಗ. ಎರಡು ದಿನಕ್ಕೆ! ಕೆಂಪು ಪೆನ್ನು ತೆಗೆದೆ.

ಪಟ್ಟಿಯಿಂದ ಮೊದಲು ಹೋದದ್ದು ಎಲಿಫೆಂಟಾ ಗುಹೆ. ಇದು ನನಗೇ ಬೇಜಾರಿನ ವಿಷಯ. ಭಾವ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವರು, ಆ ಇಪ್ಪತ್ತು ಅಡಿಯ ಮೂರು ಮುಖದ ಶಿವನ ಮುಂದೆ ಅವರನ್ನು ನಿಲ್ಲಿಸಬೇಕು ಅಂತ ಆಸೆ ಇತ್ತು. ಆದರೆ ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ, ಇಳಿದ ಮೇಲೆ 120 ಮೆಟ್ಟಿಲು. ಭಾವನ ಎಡಗಾಲಿನ ಮಂಡಿ ಮೆಟ್ಟಿಲು ಅಂದರೆ ಸಾಕು ಮುಷ್ಕರ ಹೂಡುತ್ತದೆ. ಮಾರನೇ ದಿನ ಹಡಗು ಹತ್ತುವವರನ್ನು ಹಿಂದಿನ ದಿನ ಕುಂಟಿಸುವುದು ಬೇಡ.

ಮಾಟುಂಗ ನಾನೇ ಸೇರಿಸಿದ್ದೆ. ಸ್ಟೇಷನ್ ಎದುರು 1942ರಿಂದ ಇರುವ ರಾಮ ನಾಯಕರ ಊಟದ ಮನೆ, ಬಾಳೆಲೆ ಊಟ, ಹೂವಿನ ಅಂಗಡಿ ಸಾಲು, ಮೈಸೂರು ಅಸೋಸಿಯೇಷನ್. ಊರಿಂದ ಬಂದವರಿಗೆ ಇಷ್ಟ ಆಗುತ್ತದೆ ಅಂದುಕೊಂಡರೆ ಅಕ್ಕ ಕೇಳಿದಳು: "ಉಡುಪಿ ಊಟ ಮಾಡುಕೆ ಕುಂದಾಪುರದಿಂದ ಮುಂಬೈಗೆ ಬರ್ಕಾ?" ಹೌದಲ್ಲ. ಮಾಟುಂಗ ನಮಗೆ, ಇಲ್ಲಿ ಊರು ಕಳೆದುಕೊಂಡವರಿಗೆ. ಅವಳಿಗೆ ಬೇಕಾದದ್ದು ವಡಾಪಾವ್ ಮತ್ತು ಇರಾನಿ ಚಹಾ. ಬರೆದುಕೊಂಡೆ.

ನವೆಂಬರ್ 5, ರಾತ್ರಿ

ದೊಡ್ಡ ತಪ್ಪು ಆಗುವುದರಲ್ಲಿತ್ತು. ಶನಿವಾರ ಸಿದ್ಧಿವಿನಾಯಕ ಅಂತ ಬರೆದಿದ್ದೆ. ಕ್ಯಾಲೆಂಡರ್ ನೋಡಿದರೆ ಆ ಶನಿವಾರ ಡಿಸೆಂಬರ್ 6, ಬಾಬಾಸಾಹೇಬರ ಮಹಾಪರಿನಿರ್ವಾಣ ದಿನ. ದಾದರ್‌ನ ಚೈತ್ಯಭೂಮಿಗೆ ಎಲ್ಲೆಲ್ಲಿಂದಲೋ ಲಕ್ಷಗಟ್ಟಲೆ ಜನ ಬರುತ್ತಾರೆ. ಒಂದೆರಡು ದಿನ ಮುಂಚೆಯೇ ದಾದರ್ ತುಂಬಿ ಹೋಗಿರುತ್ತದೆ. ಅವರು ಬರುವುದು ಶ್ರದ್ಧೆಗೆ, ನಡುವೆ ನಾವು ಟ್ರಾಲಿ ಬ್ಯಾಗು ಎಳೆದುಕೊಂಡು ದಾರಿಗೆ ಅಡ್ಡ ಹೋಗುವುದು ಸರಿಯಲ್ಲ. ದಾದರ್ ಕಡೆಯದೆಲ್ಲ ಹೊಡೆದು ಹಾಕಿದೆ. ಶುಕ್ರವಾರ ಸಂಜೆ ನಮ್ಮ ಡೊಂಬಿವಲಿಯ ಫಡ್ಕೆ ರಸ್ತೆ ಗಣೇಶ ಮಂದಿರಕ್ಕೇ ಕರೆದುಕೊಂಡು ಹೋಗುತ್ತೇನೆ. ಮನೆಯಿಂದ ಹತ್ತು ನಿಮಿಷ. ಗಣಪತಿ ಎಲ್ಲಿದ್ದರೂ ಗಣಪತಿಯೇ.

ವೇಟಿಂಗ್ ಲಿಸ್ಟ್ 5.

ನವೆಂಬರ್ 16, ಭಾನುವಾರ

ಇವತ್ತು ತಾಲೀಮು. ದೊಡ್ಡ ಸೂಟ್‌ಕೇಸಿಗೆ ಹತ್ತು ಕೆಜಿ ಅಕ್ಕಿ, ಮೇಲೆ ಮಗನ ಹಳೇ ಪಠ್ಯಪುಸ್ತಕ ತುಂಬಿಸಿ, ಅಪ್ಪ ಮಗ ಇಬ್ಬರೂ ಹೊರಟೆವು. ಏಳರ ದಿನ ಮನೆಯಿಂದಲೇ ಬಂದರಿಗೆ ಹೋದರೆ ಎಷ್ಟು ಹೊತ್ತು ಬೇಕು ಅಂತ ನೋಡುವುದು. ಭಾನುವಾರದ್ದನ್ನು ಭಾನುವಾರವೇ ನೋಡಬೇಕು, ಯಾಕೆಂದರೆ ಮೆಗಾಬ್ಲಾಕ್.

ಊರಿನವರಿಗೆ ಇದು ಗೊತ್ತಿರುವುದಿಲ್ಲ. ಭಾನುವಾರ ಸುಮಾರು 11ರಿಂದ 4ರ ತನಕ ಹಳಿ ರಿಪೇರಿಗೆ ಅಂತ ಒಂದೊಂದು ವಾರ ಒಂದೊಂದು ತುಂಡು ಮುಚ್ಚುತ್ತಾರೆ. ಯಾವ ತುಂಡು ಅಂತ ಗೊತ್ತಾಗುವುದು ಒಂದೆರಡು ದಿನ ಮುಂಚೆ. ನಮ್ಮ ಫಾಸ್ಟ್ ಲೋಕಲ್ ಮುಲುಂಡ್ ಹತ್ತಿರ ಸ್ಲೋ ಹಳಿಗೆ ಹೊರಳಿತು. ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ತಲುಪುವಾಗ 35 ನಿಮಿಷ ತಡ. ಸೂಟ್‌ಕೇಸ್ ಬಾಗಿಲ ಹತ್ತಿರ ಇಟ್ಟದ್ದಕ್ಕೆ ಕುರ್ಲಾದಲ್ಲಿ ಹತ್ತಿದ ಮಹಾಶಯರೊಬ್ಬರು ನನ್ನ ಏಳು ತಲೆಮಾರನ್ನು ನೆನೆದರು.

ಇಳಿದ ಮೇಲೆ 18ನೇ ಪ್ಲಾಟ್‌ಫಾರ್ಮ್ ಕಡೆಯಿಂದ ಪಿ. ಡಿ'ಮೆಲ್ಲೊ ರಸ್ತೆಗೆ ಬಂದೆವು. ಮೊದಲು ಸಿಗುವುದು ಜಿಪಿಒ, ಊರಿನ ಮುಖ್ಯ ಅಂಚೆ ಕಚೇರಿ. 1913ರ ಕಟ್ಟಡ, ಅದರ ಗುಮ್ಮಟಕ್ಕೆ ಮಾದರಿ ನಮ್ಮ ವಿಜಯಪುರದ ಗೋಲಗುಮ್ಮಟ. ಇಪ್ಪತ್ತೆರಡು ವರ್ಷ ಇದರ ಮುಂದೆ ಓಡಾಡಿದ್ದೇನೆ, ತಲೆ ಎತ್ತಿ ಸರಿಯಾಗಿ ನೋಡಿದ್ದು ಇವತ್ತು. ಭಾವನಿಗೆ ತೋರಿಸಬೇಕು.

ಅಲ್ಲಿಂದ ವಾಲಚಂದ್ ಹೀರಾಚಂದ್ ಮಾರ್ಗ ನೇರ ಬಂದರಿನ ಕಡೆ ಹೋಗುತ್ತದೆ. ಹೆಸರು ಸರಿಯಾಗಿಯೇ ಇಟ್ಟಿದ್ದಾರೆ. ಸಿಂಧಿಯಾ ಹಡಗು ಕಂಪನಿ ಕಟ್ಟಿದವರಲ್ಲಿ ಅವರೊಬ್ಬರು. ಅವರ 'ಲಾಯಲ್ಟಿ' ಹಡಗು 1919ರ ಏಪ್ರಿಲ್ 5ರಂದು ಇಲ್ಲಿಂದ ಲಂಡನ್ನಿಗೆ ಹೊರಟಿತು, ಈಗಲೂ ಆ ದಿನವೇ ರಾಷ್ಟ್ರೀಯ ಕಡಲಯಾನ ದಿನ. ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆ 1940ರಲ್ಲಿ ಶುರುವಾದದ್ದೂ ಇವರಿಂದಲೇ. ಮಗನಿಗೆ ಇದೆಲ್ಲ ಹೇಳುತ್ತಿದ್ದರೆ ಅವನು ಸ್ಟಾಪ್‌ವಾಚ್ ನೋಡುತ್ತಾ "ಅಪ್ಪ, ನಡೆ" ಅಂದ.

ಬ್ಯಾಲಾರ್ಡ್ ಎಸ್ಟೇಟಿನ ನೆಲವೇ ಒಂದು ಕಥೆ. 1914ರ ಸುಮಾರಿಗೆ ಅಲೆಕ್ಸಾಂಡ್ರಾ ಡಾಕ್ ಅಗೆದಾಗ ಬಂದ ಮಣ್ಣನ್ನು ಸಮುದ್ರಕ್ಕೆ ತುಂಬಿ ಮಾಡಿದ ಜಾಗ ಇದು. ಆ ಡಾಕ್ ಈಗಿನ ಇಂದಿರಾ ಡಾಕ್, ಹೊಸ ಕ್ರೂಸ್ ಟರ್ಮಿನಲ್ ಇರುವುದೂ ಅಲ್ಲೇ. ಹಿಂದೆ ಇಲ್ಲೇ ಬ್ಯಾಲಾರ್ಡ್ ಪಿಯರ್ ಮೋಲ್ ಅಂತ ರೈಲು ಸ್ಟೇಷನ್ ಇತ್ತು, ಹಡಗಿನಿಂದ ಇಳಿದವರು ಹಾಗೇ ಪಂಜಾಬ್ ಮೇಲ್ ಹತ್ತುತ್ತಿದ್ದರು. ಆಗಿನವರಿಗೆ ನೋಟ್‌ಬುಕ್ ಬೇಕಿರಲಿಲ್ಲ.

ಬಂದರಿನ ಗ್ರೀನ್ ಗೇಟ್ ತನಕ 24 ನಿಮಿಷ. ಬರೀ ಕೈಯಲ್ಲಾದರೆ ಹದಿನೈದು ಸಾಕು, ಫುಟ್‌ಪಾತಿನ ಕಲ್ಲುಗಳ ಸಂದಿನಲ್ಲಿ ಚಕ್ರ ಸಿಕ್ಕಿ ಸಿಕ್ಕಿ ಇಷ್ಟಾಯಿತು. ಗೇಟಿನ ಭದ್ರತೆಯವರು ಟಿಕೆಟ್ ಇಲ್ಲದೆ ಒಳಗಿಲ್ಲ ಅಂದರು. ಬ್ಯಾಗಿನಲ್ಲಿ ಏನಿದೆ ಅಂತ ಕೇಳಿದರು. ಅಕ್ಕಿ ಅಂದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದೆವು.

ವಾಪಸ್ ಬರುವಾಗ ಟ್ಯಾಕ್ಸಿ ಪರೀಕ್ಷೆ. ಆಟೋ ಸಯನ್ ದಾಟಿ ಈ ಕಡೆ ಬರುವುದೇ ಇಲ್ಲ, ಇಲ್ಲಿ ಕಪ್ಪು-ಹಳದಿ ಟ್ಯಾಕ್ಸಿ, ಕಾಲಿ-ಪೀಲಿಯೇ ಗತಿ, ಕನಿಷ್ಠ ಬಾಡಿಗೆ ₹31. ಮೂವರ ಹತ್ತಿರ "ಕ್ರೂಸ್ ಟರ್ಮಿನಲ್ ಗೊತ್ತಾ?" ಅಂತ ಕೇಳಿದೆ. ಒಬ್ಬರು ಗೇಟ್‌ವೇ ಅಂದರು, ಒಬ್ಬರು ಭಾವುಚಾ ಧಕ್ಕಾ ಅಂದರು, ಒಬ್ಬರು ಬರೋಲ್ಲ ಅಂದರು. ಟರ್ಮಿನಲ್ ಉದ್ಘಾಟನೆ ಆದದ್ದೇ ಈ ಸೆಪ್ಟೆಂಬರಿನಲ್ಲಿ, ಅವರ ತಪ್ಪಲ್ಲ. "ಬ್ಯಾಲಾರ್ಡ್ ಪಿಯರ್, ಗ್ರೀನ್ ಗೇಟ್" ಅಂದಾಗ ನಾಲ್ಕನೆಯವರು ತಲೆ ಆಡಿಸಿದರು. ದಪ್ಪ ಅಕ್ಷರದಲ್ಲಿ ಬರೆದಿಟ್ಟೆ.

ಇದೆಲ್ಲದರ ನಡುವೆ ಒಂದು ಕಂಡುಕೊಂಡೆ. ಭಾನುವಾರ ಈ ಫೋರ್ಟ್ ಬಡಾವಣೆ ಬೇರೆಯೇ ಊರು. ಆಫೀಸೆಲ್ಲ ಮುಚ್ಚಿ, ಗಲ್ಲಿಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ. ಮಂಡಿ ನೋವಿನವರು ನಿಧಾನವಾಗಿ ಕಟ್ಟಡ ನೋಡಿಕೊಂಡು ನಡೆಯಲು ಇದಕ್ಕಿಂತ ಒಳ್ಳೇ ಹೊತ್ತಿಲ್ಲ. ಶನಿವಾರ ರಾತ್ರಿ ಇಲ್ಲೇ ಉಳಿದರೆ ಮೆಗಾಬ್ಲಾಕಿನ ತಲೆನೋವೂ ಇಲ್ಲ.

ಅಂದರೆ ಹೋಟೆಲ್. ಅಕ್ಕನಿಗೆ ಯಾರು ಹೇಳುವುದು?

ನವೆಂಬರ್ 22, ಶನಿವಾರ

ನಾನೇ ಹೇಳಿದೆ. "ತಮ್ಮನ ಮನಿ ಇಪ್ಪತಿಗೆ ಹೋಟ್ಲ್ ಎಂತಕೆ ಮಾರಾಯ?" ಅಂದಳು. ಆಮೇಲೆ ಎರಡು ದಿನ ಫೋನಿಲ್ಲ. ಮೂರನೇ ದಿನ ನನ್ನ ಹೆಂಡತಿಗೆ ಫೋನ್ ಮಾಡಿ, ನಮ್ಮಿಂದ ನಿಮಗೆ ತೊಂದರೆ ಆಗುತ್ತಿದೆಯಾ ಅಂತ ಕೇಳಿದಳಂತೆ. ನನ್ನ ಲೆಕ್ಕ, ನಕ್ಷೆ, 35 ನಿಮಿಷ ಯಾವುದೂ ಕೆಲಸಕ್ಕೆ ಬರಲಿಲ್ಲ. ಕೊನೆಗೆ ಹೆಂಡತಿಯೇ ದಾರಿ ತೆಗೆದಳು: "ಅತ್ತಿಗೆ, ಶನಿವಾರ ನಾವೂ ನಿಮ್ಮ ಜೊತೆ ಅಲ್ಲೇ ಉಳಿಯುತ್ತೇವೆ." ಒಂದು ರೂಮು ಎರಡಾಯಿತು. ಬಜೆಟ್ ಪುಟ ಹರಿದು ಹೊಸದು ಬರೆದೆ.

ರೂಮು ಹುಡುಕಲು ಖುದ್ದಾಗಿ ಹೋದದ್ದು ಒಳ್ಳೆಯದಾಯಿತು. ಒಂದು ಕಡೆ ಫೋನಿನಲ್ಲಿ "ಲಿಫ್ಟ್ ಇದೆ" ಅಂದಿದ್ದರು. ಇತ್ತು. ಅದರ ಹತ್ತಿರ ಹೋಗಲು ಹನ್ನೊಂದು ಮೆಟ್ಟಿಲೂ ಇತ್ತು. ಹಳೇ ಫೋರ್ಟ್ ಕಟ್ಟಡಗಳಲ್ಲಿ ಇದು ಮಾಮೂಲು. ಎರಡನೇ ಕಡೆ ರಸ್ತೆಯ ಮಟ್ಟದಲ್ಲೇ ಲಿಫ್ಟ್. ಬೆಳಿಗ್ಗೆ 11ಕ್ಕೆ ರೂಮು ಬಿಟ್ಟರೂ ಬ್ಯಾಗು ಅಲ್ಲೇ ಇಡಬಹುದು. ಮುಂಗಡ ಕೊಟ್ಟು ಬಂದೆ.

ನವೆಂಬರ್ 30, ಭಾನುವಾರ

ರೈಲು ಟಿಕೆಟ್ ಕನ್ಫರ್ಮ್.

ಶನಿವಾರ ಡೊಂಬಿವಲಿಯಿಂದ ಕಾರು. ಚೆಂಬೂರಿನಲ್ಲಿ ಈಸ್ಟರ್ನ್ ಫ್ರೀವೇ ಹತ್ತಿದರೆ ದಾದರ್ ಮುಟ್ಟದೆ ನೇರ ಪಿ. ಡಿ'ಮೆಲ್ಲೊ ರಸ್ತೆಗೆ ಇಳಿಯಬಹುದು. ಮಧ್ಯಾಹ್ನ ಬ್ಯಾಲಾರ್ಡ್ ಎಸ್ಟೇಟಿನ 1923ರ ಬ್ರಿಟಾನಿಯಾದಲ್ಲಿ ಬೆರ್ರಿ ಪುಲಾವ್. ಸಂಜೆ ಮರೀನ್ ಡ್ರೈವ್, ಕೂರುವುದಷ್ಟೇ ಕೆಲಸ. ಭಾನುವಾರ ಬೆಳಿಗ್ಗೆ ಗೇಟ್‌ವೇ, ಇರಾನಿ ಚಹಾ, ಜಿಪಿಒ. 14ರಲ್ಲಿ ಉಳಿದದ್ದು ಇಷ್ಟೇ.

ಇನ್ನೊಂದು ಬಾಕಿ ಇತ್ತು. ಆಧಾರ್‌ನಲ್ಲಿ ಭಾವನ ತಂದೆ ಹೆಸರು ಪೂರ್ತಿ ಇದೆ, ಹಡಗಿನ ಟಿಕೆಟಿನಲ್ಲಿ ಬರೀ ಇನಿಶಿಯಲ್. ಏಜೆಂಟರಿಗೆ ಹೇಳಿ ಸರಿ ಮಾಡಿಸಿದೆ. ದೊಡ್ಡ ಬ್ಯಾಗನ್ನು ಬಂದರಿನಲ್ಲೇ ತೆಗೆದುಕೊಂಡು ಆಮೇಲೆ ರೂಮಿಗೆ ತಲುಪಿಸುತ್ತಾರೆ, ಹಾಗಾಗಿ ಬಿಪಿ ಮಾತ್ರೆ, ಕನ್ನಡಕ, ಚೀಟಿ ಎಲ್ಲ ಕೈಚೀಲದಲ್ಲೇ ಇರಲಿ ಅಂತ ಅಕ್ಕನಿಗೆ ಮೂರು ಸಲ ಹೇಳಿದೆ. ಹೊರಗಿನ ತಿಂಡಿ ಹಡಗಿಗೆ ಬಿಡುವುದಿಲ್ಲ ಅಂತಲೂ ಹೇಳಿದೆ. "ಹ್ಞೂಂ" ಅಂದಳು. ಆ ಹ್ಞೂಂ ನನಗೆ ಸರಿ ಬರಲಿಲ್ಲ.

ಡಿಸೆಂಬರ್ 4, ಗುರುವಾರ

ರೈಲು ಕುಂದಾಪುರ ಬಿಟ್ಟಿತಂತೆ. ಕುರ್ಲಾ ತನಕ ಬೇಡ, ಬೆಳಿಗ್ಗೆ ಠಾಣೆ ಸ್ಟೇಷನ್ನಿನಲ್ಲೇ ಇಳಿಸುತ್ತೇನೆ. ಆ ಹೊತ್ತಿಗೆ ಡೊಂಬಿವಲಿ ಕಡೆ ಬರುವ ಲೋಕಲ್ ಖಾಲಿ, ಜನವೆಲ್ಲ ಎದುರು ದಿಕ್ಕಿಗೆ. ನಾಲ್ಕೂಕಾಲಿಗೆ ಅಲಾರಾಂ ಇಟ್ಟಿದ್ದೇನೆ.

ಭಾವ ರೈಲಿನಿಂದ ಫೋಟೋ ಕಳಿಸಿದ್ದಾರೆ. ಸೀಟಿನ ಕೆಳಗೆ ಎಣಿಸಿದೆ. ಮಾತಾಡಿಕೊಂಡದ್ದು ಎರಡು ಸೂಟ್‌ಕೇಸ್, ಒಂದು ಕೈಚೀಲ. ಕಾಣುತ್ತಿರುವುದು ಆರು. ಒಂದು ಕುಚ್ಚಲಕ್ಕಿ ಚೀಲ, ಒಂದರಲ್ಲಿ ಭರಣಿಯ ಆಕಾರ, ಇನ್ನೊಂದರ ಬಾಯಿಯಿಂದ ಹಲಸಿನ ಹಪ್ಪಳದ ಕಟ್ಟು ಇಣುಕುತ್ತಿದೆ. ಕೆಳಗೆ ಅಕ್ಕನ ಸಂದೇಶ: "ಇದು ಹಡಗಿಗೆ ಅಲ್ಲ, ನಿಮಗೆ."

ಠಾಣೆಗೆ ಮಗನನ್ನೂ ಎಬ್ಬಿಸಿಕೊಂಡು ಹೋಗಬೇಕು.